ಇದ್ದೂ ಇಲ್ಲದ ಕರೆಂಟು

ನಮ್ಮ ಕಡೆ ಕರೆಂಟಿಗೆ ಮೂರು ಅವಸ್ಥೆಗಳಿವೆ. ಒಂದು, ಇದೆ. ಎರಡು, ಇಲ್ಲ. ಮೂರನೆಯದು, ಇದ್ದೂ ಇಲ್ಲ. ಮೊದಲನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎರಡನೆಯದಕ್ಕೆ ಊರೆಲ್ಲ ಸೇರಿ ಬೈಯುತ್ತದೆ. ಮೂರನೆಯದು ಮಾತ್ರ ಮನೆಯ ಹೆಂಗಸಿನ ಬೆನ್ನುನೋವಿನ ಹಾಗೆ. ಇರುವುದು ಅವಳಿಗೆ ಗೊತ್ತು, ತೆಗೆದು ತೋರಿಸಲು ಬರುವುದಿಲ್ಲ. ಹೇಳಿಕೊಂಡರೆ, 'ಓಡಾಡಿಕೊಂಡೇ ಇದ್ದೀಯಲ್ಲ, ಮತ್ತೇನು?' ಎನ್ನುತ್ತಾರೆ.

ನಾನು ಮದುವೆಯಾಗಿ ಈ ಮನೆಗೆ ಬಂದದ್ದು ೧೯೮೬ರಲ್ಲಿ. ಆಗ ಈ ಮೂರನೆಯ ಅವಸ್ಥೆಯನ್ನು ಗುರುತಿಸಲು ಯಾವ ಪಾಂಡಿತ್ಯವೂ ಬೇಕಿರಲಿಲ್ಲ. ಸಂಜೆ ಏಳಾಯಿತೆಂದರೆ ಬಲ್ಬಿನೊಳಗಿನ ತಂತಿ ಕೆಂಪು ಎರೆಹುಳುವಿನಂತೆ ಕಾಣುತ್ತಿತ್ತು. ಆ ಹಳೆಯ ಬಲ್ಬು ಬಹಳ ಪ್ರಾಮಾಣಿಕ ಪ್ರಾಣಿ. ವೋಲ್ಟೇಜು ಐದರಲ್ಲಿ ಒಂದು ಪಾಲು ಇಳಿದರೆ ಅದರ ಬೆಳಕು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಮಕ್ಕಳು 'ಅಮ್ಮಾ, ಕಣ್ಣು ನೋಯುತ್ತೆ' ಎಂದು ಪುಸ್ತಕ ಮುಚ್ಚುತ್ತಿದ್ದರು. ನೆಪವೂ ಇತ್ತು, ನಿಜವೂ ಇತ್ತು. ೧೯೮೭ರಲ್ಲಿ ಭಾನುವಾರದ ರಾಮಾಯಣ ಶುರುವಾದಾಗ ಟಿ.ವಿ.ಯ ಪಕ್ಕದಲ್ಲಿ ಅದರಷ್ಟೇ ಗೌರವದಿಂದ ಸ್ಟೆಬಿಲೈಸರ್ ಕುಳಿತಿರುತ್ತಿತ್ತು. ಅದರ ಕಿಟಕಿಯೊಳಗಿನ ಮುಳ್ಳು ಕೆಳಗಿಳಿದರೆ ರಾಮನೂ ಇಲ್ಲ, ಸೀತೆಯೂ ಇಲ್ಲ.

ಈಗಿನ ಎಲ್.ಇ.ಡಿ. ಬಲ್ಬುಗಳು ಬಹಳ ಸಭ್ಯಸ್ಥ ಬಲ್ಬುಗಳು. ವೋಲ್ಟೇಜು ಎಷ್ಟೋ ಇಳಿದರೂ ಒಳಗಿನ ಪುಟ್ಟ ಸರ್ಕ್ಯೂಟು ಹೇಗೋ ತೂಗಿಸಿಕೊಂಡು ಹೋಗುತ್ತದೆ; ಬೆಳಕು ಕುಂದುವುದಿಲ್ಲ. ಮೊಬೈಲಿನ ಚಾರ್ಜರೂ ಹಾಗೆಯೇ. ೧೦೦ರಿಂದ ೨೪೦ ವೋಲ್ಟಿನವರೆಗೆ ಯಾವುದಾದರೂ ಸರಿ ಎಂದು ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ. ಹೀಗಾಗಿ ಮನೆಯ ಕರೆಂಟು ಸೊರಗಿ ಕಡ್ಡಿಯಾಗಿದ್ದರೂ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆ ಗುಟ್ಟು ಒಡೆದದ್ದು ಒಂದು ಪೆಟ್ಟಿಗೆ.

ಪೆಟ್ಟಿಗೆ ಬಂದದ್ದು ಅತ್ತೆಗಾಗಿ. ಅವರಿಗೆ ಈಗ ಎಂಬತ್ತೊಂದು. ಬೀಡಿ ಸಿಗರೇಟನ್ನು ಕಣ್ಣೆತ್ತಿ ನೋಡಿದವರಲ್ಲ. ಆದರೆ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು, ಊದುಕೊಳವೆ ಹಿಡಿದು, ಹಸಿ ಸೌದೆಯ ಹೊಗೆ ಕುಡಿದವರು. ಅವರ ಎಕ್ಸ್-ರೇ ನೋಡಿದ ಡಾಕ್ಟರು, ಸೇದುವವರ ಶ್ವಾಸಕೋಶ ಹೇಗೆ ಕೆಡುತ್ತದೋ ಹಾಗೆಯೇ ಒಲೆಯ ಹೊಗೆಯಿಂದಲೂ ಕೆಡುತ್ತದೆ ಎಂದರು. ದಿನಕ್ಕೆ ಕನಿಷ್ಠ ೧೫ ಗಂಟೆ ಆಮ್ಲಜನಕ ಕೊಡಬೇಕೆಂದರು. ಅದಕ್ಕೊಂದು ಯಂತ್ರ ಬಂತು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ಸಾರಜನಕವನ್ನು ಬೇರ್ಪಡಿಸಿ, ಆಮ್ಲಜನಕವನ್ನು ಮೂಗಿನ ನಳಿಕೆಗೆ ಕಳಿಸುತ್ತದೆ. ಗುರ್ ಗುರ್ ಎನ್ನುತ್ತಾ ೩೦೦ ವ್ಯಾಟಿನಷ್ಟು ಕರೆಂಟು ತಿನ್ನುತ್ತದೆ. ನಮ್ಮ ಹಳೆಯ ಇನ್ವರ್ಟರು ಎರಡು ಫ್ಯಾನು ನಾಲ್ಕು ದೀಪಕ್ಕೆ ಮೀಸಲಾದದ್ದು. ಇದನ್ನು ಹೊರುವ ಶಕ್ತಿ ಅದಕ್ಕಿಲ್ಲ.

ಬೆಂಗಳೂರಿನಲ್ಲಿರುವ ಮಗ ೨೦೨೪ರ ಸಂಕ್ರಾಂತಿಗೆ ಬರುವಾಗ ಈ ಪೆಟ್ಟಿಗೆಯನ್ನು ತಂದ. ಪೋರ್ಟಬಲ್ ಪವರ್ ಸ್ಟೇಷನ್ ಎಂದು ಇದಕ್ಕೆ ಹೆಸರು. ಹೆಸರು ಕೇಳಿದರೆ ಶರಾವತಿಯನ್ನೇ ಕಟ್ಟಿಹಾಕಿದ್ದಾರೇನೋ ಅನ್ನಿಸಬೇಕು. ನೋಡಿದರೆ ಅಜ್ಜಿಯ ತಾಂಬೂಲದ ಪೆಟ್ಟಿಗೆಯ ಅಣ್ಣ. ಒಂದು ಹಿಡಿಕೆ, ಎದುರಿಗೆ ಒಂದಿಷ್ಟು ಪ್ಲಗ್ಗಿನ ತೂತು, ಒಂದು ಪುಟ್ಟ ಪರದೆ. ಒಳಗೆ ಲಿಥಿಯಂ ಬ್ಯಾಟರಿ. ಡಿಸ್ಟಿಲ್ಡ್ ವಾಟರಿನ ಉಪಚಾರ ಬೇಡ. ಹಿಡಿಯುವುದು ಒಂದು ಸಾವಿರ ವ್ಯಾಟ್-ಅವರ್, ಅಂದರೆ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟು. ಒಳಗಿನ ಖರ್ಚು ಕಳೆದು ೮೫೦ರಷ್ಟು ಕೈಗೆ ಸಿಕ್ಕೀತು. ೩೦೦ ವ್ಯಾಟಿನ ಯಂತ್ರಕ್ಕೆ ಅದು ಮೂರು ಗಂಟೆಗೆ ಸ್ವಲ್ಪ ಕಡಿಮೆ. ಈ ಲೆಕ್ಕವನ್ನು ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಅತ್ತೆ ಮಾತ್ರ ನಕ್ಕರು. 'ಬೆರಳಿಗೆ ಸಿಕ್ಕಿಸಿದರೆ ಒಂದು ಪರ್ಸೆಂಟು, ಪೆಟ್ಟಿಗೆ ನೋಡಿದರೆ ಇನ್ನೊಂದು ಪರ್ಸೆಂಟು. ನನ್ನ ಜೀವ ಈಗ ಪರೀಕ್ಷೆಗೆ ಕೂತ ಹುಡುಗನ ಹಾಗಾಯ್ತು' ಎಂದರು.

ಮಾರ್ಚಿಯವರೆಗೆ ಪೆಟ್ಟಿಗೆ ಚಿನ್ನದಂಥ ಪೆಟ್ಟಿಗೆ. ಆಮೇಲೆ ಬೇಸಿಗೆ ಬಿಗಿಯಿತು. ಹಿಂದಿನ ವರ್ಷ, ೨೦೨೩ರಲ್ಲಿ, ಮಳೆ ಕೈಕೊಟ್ಟಿತ್ತು. ನಮ್ಮ ಬೀದಿ ಊರಿನ ಕೊನೆಯದು. ಅದರಾಚೆ ಅಡಿಕೆ ತೋಟಗಳು. ಎಲ್ಲ ತೋಟಗಳಲ್ಲೂ ಪಂಪು, ಎಲ್ಲ ಮನೆಗಳಲ್ಲೂ ಫ್ಯಾನು, ಕೆಲವರ ಮನೆಯಲ್ಲಿ ಹೊಸದಾಗಿ ಏಸಿ. ಏಪ್ರಿಲ್‌ನ ಒಂದು ಸಂಜೆ ಪೆಟ್ಟಿಗೆಯನ್ನು ಚಾರ್ಜಿಗೆ ಹಾಕಿದರೆ 'ಟಿಕ್' ಎಂದು ಶುರುವಾಯಿತು, ಎಂಟು ಹತ್ತು ಸೆಕೆಂಡಿಗೆ 'ಟಕ್' ಎಂದು ನಿಂತಿತು. ಮತ್ತೆ ಟಿಕ್, ಮತ್ತೆ ಟಕ್. ಪರದೆಯ ಮೇಲೆ ಒಂದು ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಮಧ್ಯಾಹ್ನ ಲೈನ್ ರಿಪೇರಿಗೆಂದು ಕರೆಂಟು ತೆಗೆದಿದ್ದರಿಂದ ಪೆಟ್ಟಿಗೆ ೩೪ಕ್ಕೆ ಇಳಿದಿತ್ತು. ರಾತ್ರಿ ಮಲಗುವಾಗಲೂ ೩೪.

ಅಂದು ರಾತ್ರಿ ಎರಡು ಗಂಟೆಗೆ ಗುಡುಗು ಬಂತು, ಕರೆಂಟು ಹೋಯಿತು. ಸಣ್ಣ ಸಿಲಿಂಡರು ತುಂಬಿಸಲು ಪೇಟೆಗೆ ಹೋಗಿತ್ತು. ಯಂತ್ರವನ್ನು ಪೆಟ್ಟಿಗೆಗೆ ಸಿಕ್ಕಿಸಿ ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. ಒಂದು ಗಂಟೆಗೆ ಎರಡು ನಿಮಿಷ ಕಡಿಮೆ. ನಮ್ಮವರು ಆಂಬುಲೆನ್ಸಿಗೆ ಫೋನು ಹಿಡಿದು ಅಂಗಳಕ್ಕೂ ಕೋಣೆಗೂ ಓಡಾಡಿದರು. ಅತ್ತೆ ಮಾತಾಡಲಿಲ್ಲ; ಮಾತಿಗೂ ಉಸಿರು ಬೇಕಲ್ಲ. ೩೦, ೨೫, ೧೯ ಎಂದು ಪರದೆ ಇಳಿಯುತ್ತಿತ್ತು. ನಲವತ್ತು ನಿಮಿಷಕ್ಕೆ ಕರೆಂಟು ಬಂದಾಗ ಪೆಟ್ಟಿಗೆಯಲ್ಲಿ ಹತ್ತು ಉಳಿದಿತ್ತು.

ಬೆಳಿಗ್ಗೆ ಅಭಿಪ್ರಾಯಗಳು ಹರಿದುಬಂದವು. ನಮ್ಮವರು, 'ಪೆಟ್ಟಿಗೆಯೇ ಸರಿಯಿಲ್ಲ' ಎಂದರು. ಮೈದುನ, 'ಇಂಥದ್ದೆಲ್ಲ ಊರಿಗೆ ಒಗ್ಗುವುದಿಲ್ಲ' ಎಂದ. ಮಾರಿದ ಅಂಗಡಿಯವರು ಫೋನಿನಲ್ಲಿ, 'ಮನೆಯಲ್ಲಿ ದೀಪ ಉರಿಯುತ್ತಿದೆಯಾ? ಮೊಬೈಲು ಚಾರ್ಜ್ ಆಗುತ್ತಿದೆಯಾ? ಹಾಗಾದರೆ ಕರೆಂಟು ಚೆನ್ನಾಗಿದೆ. ಪೆಟ್ಟಿಗೆಯನ್ನು ಬೆಂಗಳೂರಿಗೆ ಕಳಿಸಿ, ಮೂರು ವಾರವಾಗುತ್ತದೆ' ಎಂದರು. ಮೂರು ವಾರ ಅತ್ತೆಯ ಉಸಿರನ್ನು ಯಾರ ಮನೆಯಲ್ಲಿ ಅಡವಿಡಲಿ? ನಾನು ಕಳಿಸಲಿಲ್ಲ. ಯಾಕೆಂದರೆ ನನಗೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಅದೇ ಪೆಟ್ಟಿಗೆ ಬೆಳಿಗ್ಗೆ ಐದೂವರೆಗೆ ಹಾಕಿದರೆ ತಕರಾರಿಲ್ಲದೆ ತುಂಬುತ್ತಿತ್ತು. ಕೆಟ್ಟ ಪೆಟ್ಟಿಗೆಗೆ ಬೆಳಿಗ್ಗೆ ಒಂದು ಬುದ್ಧಿ, ಸಂಜೆ ಒಂದು ಬುದ್ಧಿ ಇರುತ್ತದೆಯೆ?

ಮೊದಲು ಸುಲಭದ್ದನ್ನೆಲ್ಲ ನೋಡಿದೆ. ಪೆಟ್ಟಿಗೆಗೆ ತೀರಾ ಸೆಖೆಯಾದರೂ ಅದು ಚಾರ್ಜು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕಿಟಕಿಯ ಬಿಸಿಲಿನಿಂದ ದೂರ ಸರಿಸಿ, ಗಾಳಿಯ ಜಾಲರಿಯ ಮುಂದಿದ್ದ ಬಟ್ಟೆಯ ಗಂಟನ್ನು ತೆಗೆದೆ. ವೈರು ಎರಡು ತುದಿಯಲ್ಲೂ ಗಟ್ಟಿಯಾಗಿ ಕೂತಿತ್ತು. ಎಂಬತ್ತಕ್ಕೇ ನಿಲ್ಲಿಸು ಎಂಬ ಮಿತಿಯೂ ಇರಲಿಲ್ಲ. ಆಮೇಲೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಿಂದ, ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರು ತಂದೆ. ವೈರು ಬಿಚ್ಚುವ, ಮುಟ್ಟುವ ಕೆಲಸವಿಲ್ಲ. ಸೊಳ್ಳೆ ಓಡಿಸುವ ಯಂತ್ರದ ಹಾಗೆ ಸಿಕ್ಕಿಸಿದರೆ ಅಂಕಿ ತೋರಿಸುತ್ತದೆ.

ಬೆಳಿಗ್ಗೆ ಐದಕ್ಕೆ ೨೨೮. ಮಧ್ಯಾಹ್ನ ೨೧೦. ಸಂಜೆ ಏಳೂವರೆಗೆ ೧೮೪. ಪೆಟ್ಟಿಗೆ 'ಟಿಕ್' ಎಂದೊಡನೆ ೧೭೧. 'ಟಕ್' ಎಂದೊಡನೆ ಮತ್ತೆ ೧೮೪. ನಮ್ಮ ಪೆಟ್ಟಿಗೆ ೧೭೫ರ ಆಸುಪಾಸಿನಲ್ಲಿ ಕೈಬಿಡುತ್ತದೆ. ಬೇರೆ ಪೆಟ್ಟಿಗೆಗಳ ಮಿತಿ ಬೇರೆ ಇದ್ದೀತು. ಅಂತೂ ಆ ಟಿಕ್ ಟಕ್ಕಿನ ಅರ್ಥ ಅಂಕಿಯಲ್ಲೇ ಇತ್ತು.

ಇದನ್ನು ನಮ್ಮವರಿಗೆ ವಿವರಿಸಲು ನನಗೆ ಅಡಿಗೆಮನೆಯೇ ನೆರವಾಯಿತು. ವೋಲ್ಟೇಜೆಂದರೆ ಸೌಟಿನ ಗಾತ್ರ. ಆಂಪಿಯರ್ ಎಂದರೆ ಎಷ್ಟು ಸೌಟು ಬಡಿಸಿದೆವು ಎಂಬುದು. ಹಳೆಯ ಬಲ್ಬು ಸಂಕೋಚದ ನೆಂಟ. ಸೌಟು ಸಣ್ಣದಾದರೆ ಬಿದ್ದಷ್ಟೇ ಉಂಡು ಏಳುತ್ತದೆ. ಪೆಟ್ಟಿಗೆಯ ಚಾರ್ಜರು ಹಾಗಲ್ಲ. ಅದಕ್ಕೆ ಸಾವಿರ ವ್ಯಾಟೆಂದರೆ ಸಾವಿರವೇ ಆಗಬೇಕು. ಸೌಟು ೨೩೦ರದ್ದಾದರೆ ನಾಲ್ಕೂಕಾಲು ಆಂಪಿಯರಿಗೆ ಹೊಟ್ಟೆ ತುಂಬುತ್ತದೆ. ಸೌಟು ೧೮೦ಕ್ಕೆ ಕುಗ್ಗಿದರೆ ಐದೂವರೆ ಆಂಪಿಯರ್ ಎಳೆಯುತ್ತದೆ. ಹೆಚ್ಚು ಆಂಪಿಯರ್ ಹರಿದಷ್ಟೂ ದಾರಿಯ ತಂತಿಯಲ್ಲಿ, ಜೋಡಣೆಗಳಲ್ಲಿ ಸೋರಿಕೆ ಹೆಚ್ಚು. ಸೌಟು ಇನ್ನೂ ಸಣ್ಣದಾಗುತ್ತದೆ. ಕೊನೆಗೆ ಪೆಟ್ಟಿಗೆ, 'ಈ ಪಂಕ್ತಿ ಬೇಡ' ಎಂದು ಎದ್ದುಬಿಡುತ್ತದೆ. ಎದ್ದೊಡನೆ ವೋಲ್ಟೇಜು ಏರುತ್ತದೆ, ಆಸೆಯಿಂದ ಮತ್ತೆ ಕೂರುತ್ತದೆ.

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ೧೪೭ ಕಿಲೋಮೀಟರು ವಿದ್ಯುತ್ತು ಸಾಗಿಸಿದವರು ಮೊದಲು ವೋಲ್ಟೇಜನ್ನು ಸಾವಿರಾರಿಗೆ ಏರಿಸಿದ್ದು ಈ ಕಾರಣಕ್ಕೇ. ದೊಡ್ಡ ಸೌಟು, ಕಡಿಮೆ ಬಡಿಸುವಿಕೆ, ದಾರಿಯಲ್ಲಿ ಕಡಿಮೆ ನಷ್ಟ.

ಹಾಗಾದರೆ ೧೮೪ರಿಂದ ೧೭೧ಕ್ಕೆ ಬಿದ್ದ ಆ ಹದಿಮೂರು ವೋಲ್ಟು ಎಲ್ಲಿ ಹೋಯಿತು? ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಮೀಟರಿನ ಬೋರ್ಡಿನ ಕೆಳಗಿರುವ ಪ್ಲಗ್ಗಿಗೆ ಹಾಕಿದೆ. ಚಾರ್ಜು ಶುರುವಾದ ಮೇಲೆ ಅಲ್ಲಿ ೧೭೯. ಟಕ್ ಎನ್ನಲಿಲ್ಲ, ತುಂಬತೊಡಗಿತು. ಅಂದರೆ ಐದು ವೋಲ್ಟು ಬೀದಿಯಲ್ಲಿ, ಎಂಟು ವೋಲ್ಟು ನಮ್ಮ ಮನೆಯ ಗೋಡೆಯೊಳಗೆ. ಎಂಟು ವೋಲ್ಟು ತಾನೆ ಎನ್ನಬೇಡಿ. ಅಷ್ಟು ಆಂಪಿಯರಿಗೆ ಅದು ೪೫ ವ್ಯಾಟಿಗೂ ಹೆಚ್ಚು ಶಾಖ. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಸಣ್ಣ ಕಡ್ಡಿ ೨೫ ವ್ಯಾಟಿನದು. ಅದಕ್ಕಿಂತ ಹೆಚ್ಚಿನ ಕಾವು ಅತ್ತೆಯ ಮಂಚದ ತಲೆಯ ಕಡೆ ಗೋಡೆಯಲ್ಲೆಲ್ಲೋ ಕೂತಿತ್ತು. ಸ್ವಿಚ್ ಬೋರ್ಡಿನ ಮೇಲೆ ಅಂಗೈ ಇಟ್ಟರೆ ಈಗತಾನೆ ಇಳಿಸಿದ ಹಾಲಿನ ಪಾತ್ರೆಯಷ್ಟು ಬೆಚ್ಚಗಿತ್ತು.

ಅಲ್ಲಿಂದ ಮುಂದೆ ನನ್ನ ಕೆಲಸವಲ್ಲ. ಮೇನ್ ಸ್ವಿಚ್ಚು ತೆಗೆಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನಿಂದ ಬೋರ್ಡು ಬಿಚ್ಚಿಸಿದೆ. ಮಾವನವರ ಕಾಲದ ಅಲ್ಯೂಮಿನಿಯಂ ತಂತಿ. ಅದಕ್ಕೆ ಹೊಸ ತಾಮ್ರದ ತುಂಡನ್ನು ಯಾವಾಗಲೋ ಹೆಣೆದು ಟೇಪು ಸುತ್ತಿದ್ದರು. ಅಲ್ಯೂಮಿನಿಯಂ ಗಾಳಿಗೆ ಪೊರೆ ಕಟ್ಟುತ್ತದೆ, ಬಿಸಿಗೆ ಹಿಗ್ಗಿ ಕುಗ್ಗಿ ಸಡಿಲಾಗುತ್ತದೆ. ಜೋಡಣೆ ಕರಕಲಾಗಿತ್ತು, ಟೇಪು ಒಣ ಬಾಳೆಲೆಯ ಹಾಗೆ ಉದುರಿತು. ಆ ಕೋಣೆಗೆ ಮೀಟರ್ ಬೋರ್ಡಿನಿಂದಲೇ ನೇರವಾಗಿ ದಪ್ಪ ತಾಮ್ರದ ತಂತಿ, ಅರ್ಥಿಂಗ್ ಸಮೇತ, ಎಳೆಸಿದೆವು. ಪೆಟ್ಟಿಗೆ ತಕರಾರು ಮಾಡದೇ ಇದ್ದಿದ್ದರೆ ಆ ಬೆಂಕಿಯ ಗೂಡು ಇನ್ನೆಷ್ಟು ದಿನ ಅಲ್ಲಿರುತ್ತಿತ್ತೋ. ಅತ್ತೆಯ ಕೋಣೆಯಲ್ಲಿ ಆಮ್ಲಜನಕ ಬೇರೆ.

ಇನ್ನೊಂದು ಉಪಾಯ ಪೆಟ್ಟಿಗೆಯೊಳಗೇ ಇತ್ತು. ಚಾರ್ಜಿನ ವೇಗವನ್ನು ತಗ್ಗಿಸುವ ಸೌಕರ್ಯ. ಸಾವಿರ ವ್ಯಾಟಿನಿಂದ ಮುನ್ನೂರಕ್ಕೆ ಇಳಿಸಿದರೆ ಎಳೆಯುವುದು ಒಂದೂಮುಕ್ಕಾಲು ಆಂಪಿಯರಿಗಿಂತ ಹೆಚ್ಚಿಲ್ಲ. ವೋಲ್ಟೇಜು ಕುಸಿಯುವುದೇ ಇಲ್ಲ ಎನ್ನಬಹುದು. ತುಂಬಲು ಒಂದು ಗಂಟೆಯ ಬದಲು ಮೂರೂವರೆ ಗಂಟೆ. ಹಸಿದವನು ನಿಧಾನವಾಗಿ ಉಂಡರೆ ಪಂಕ್ತಿಗೂ ಸುಖ. ಜೊತೆಗೆ ಬೆಳಗಿನ ಜಾವ ನಾಲ್ಕೂವರೆಗೆ ಪೆಟ್ಟಿಗೆ ತುಂಬಿಸುವುದು ನನ್ನ ದಿನಚರಿಗೆ ಸೇರಿತು.

ಮಗ ಕಳಿಸಿದ ಮಡಿಸುವ ಸೋಲಾರ್ ಫಲಕವೂ ಇದೇ ಪಾಠ ಹೇಳಿತು. ಬಿಸಿಲಿದ್ದರೂ ಒಂದು ದಿನ ಪರದೆಯಲ್ಲಿ ಸೊನ್ನೆ. ನೋಡಿದರೆ ತೆಂಗಿನ ಗರಿಯ ನೆರಳು ಫಲಕದ ಒಂದು ಮೂಲೆಯ ಮೇಲೆ. ಫಲಕದ ಬಿಲ್ಲೆಗಳೆಲ್ಲ ಒಂದರ ಬಾಲ ಒಂದು ಹಿಡಿದ ಸಾಲು. ಮೂಲೆಯ ನೆರಳಿಗೇ ಅರ್ಧ ಸಾಲು ಕೂತುಬಿಡುತ್ತದೆ. ಹದಿನೆಂಟು ವೋಲ್ಟು ಒಂಬತ್ತಕ್ಕೆ ಇಳಿದರೆ, ಹನ್ನೆರಡಕ್ಕಿಂತ ಕಡಿಮೆಯನ್ನು ಮೂಸಿಯೂ ನೋಡದ ನಮ್ಮ ಪೆಟ್ಟಿಗೆಗೆ ಅದು ಇಲ್ಲದ್ದಕ್ಕೆ ಸಮ. ಫಲಕವನ್ನು ನಾಲ್ಕು ಮಾರು ಆಚೆ ಸರಿಸಿದ್ದೇ ಪರಿಹಾರ.

ಇಷ್ಟಾದರೂ ಬೀದಿಯ ಸಂಜೆಯ ವೋಲ್ಟೇಜು ೧೮೪ರಲ್ಲೇ ಇತ್ತು. ಕೆಲವು ದಿನ ಅದಕ್ಕಿಂತ ಕೆಳಗೆ. ನಿಯಮದ ಪ್ರಕಾರ ನಮ್ಮಂಥ ಮನೆಗಳಿಗೆ ೨೩೦ ವೋಲ್ಟು, ಆಚೆ ಈಚೆ ಶೇಕಡಾ ಆರು; ಅಂದರೆ ೨೧೬ಕ್ಕಿಂತ ಕೆಳಗೆ ಬರಕೂಡದು. ಎಲೆಕ್ಟ್ರಿಶಿಯನ್, 'ಅಮ್ಮಾ, ದೊಡ್ಡ ಸ್ಟೆಬಿಲೈಸರ್ ಹಾಕಿಬಿಡಿ, ನಿಶ್ಚಿಂತೆ' ಎಂದ. ಪಕ್ಕದ ಮನೆಯಲ್ಲಿ ಆಗಲೇ ಇತ್ತು, ಅದರಾಚೆಯ ಮನೆಯಲ್ಲೂ ಇತ್ತು.

ಈ ಸ್ಟೆಬಿಲೈಸರ್ ಏನು ಮಾಡುತ್ತದೆ ಗೊತ್ತೆ? ಅದು ಕರೆಂಟನ್ನು ಹೆರುವುದಿಲ್ಲ. ಒಳಗೆ ವೋಲ್ಟೇಜನ್ನು ಏರಿಸಿಕೊಡಲು ಹೊರಗಿನ ತಂತಿಯಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ತಂತಿ ಎಲ್ಲರದ್ದೂ ಒಂದೇ. ನಾನು ಏರಿಸಿಕೊಂಡಷ್ಟೂ ಮುಂದಿನ ಮನೆಯದು ಇಳಿಯುತ್ತದೆ. ಅವರೂ ಒಂದು ತರುತ್ತಾರೆ, ನನ್ನದು ಇಳಿಯುತ್ತದೆ. ನಲ್ಲಿ ನೀರಿಗೆ ಮೋಟರು ಹಚ್ಚಿ ಎಳೆಯುವವರನ್ನು ನೀವೂ ನೋಡಿದ್ದೀರಿ. ಮೊದಲ ಮನೆ ಹಚ್ಚಿದರೆ ಎರಡನೆಯವರೂ ಹಚ್ಚಬೇಕು; ಕೊನೆಗೆ ಬೀದಿಯ ತುದಿಯ ಮನೆಯಾಕೆ ಕೊಡ ಹಿಡಿದು ನಿಲ್ಲಬೇಕು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹುಡುಗನಿದ್ದಾನೆ. ಅವನ ಇನ್ಸುಲಿನ್ ಫ್ರಿಜ್ಜಿನಲ್ಲಿ, ಫ್ರಿಜ್ಜು ಅದೇ ತಂತಿಯಲ್ಲಿ. ಅತ್ತೆಯ ಉಸಿರಿಗೆಂದು ಆ ಮಗುವಿನ ಔಷಧಿಯ ತಂಪನ್ನು ನಾನು ಎಳೆದುಕೊಳ್ಳಲೆ? ಬೇಡವೆಂದೆ.

ಬದಲಿಗೆ ವೋಲ್ಟ್‌ಮೀಟರನ್ನೇ ಬೀದಿಗೆ ಕಳಿಸಿದೆ. ಎದುರು ಸಾಲಿನ ಟೀಚರು, ಹಿಟ್ಟಿನ ಗಿರಣಿಯ ಮನೆಯ ಸೊಸೆ, ಕೊನೆಯ ಮನೆಯ ಹುಡುಗನ ತಾಯಿ, ಎಲ್ಲರೂ ಒಪ್ಪಿದರು. ಇನ್ನೂ ಎರಡು ಮೀಟರು ಕೊಂಡೆವು. ಒಂದು ವಾರ, ಸಂಜೆ ಏಳೂವರೆಯಿಂದ ಎಂಟರೊಳಗೆ, ಇಪ್ಪತ್ತಾರು ಮನೆಗಳ ಅಂಕಿ. ಧಾರಾವಾಹಿಯ ಹೊತ್ತು, ಆದರೂ ಯಾರೂ ತಪ್ಪಿಸಲಿಲ್ಲ. ಬರೆದು ನೋಡಿದರೆ ಚಿತ್ರ ತಾನಾಗಿ ಮೂಡಿತು. ನಮ್ಮ ಸಾಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆ ೨೦೮, ನಮ್ಮದು ೧೮೪, ಕೊನೆಯದು ೧೮೧. ಎದುರು ಸಾಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ೨೨೪ಕ್ಕಿಂತ ಕಡಿಮೆ ಇಲ್ಲ!

ಕಂಬದ ಮೇಲೆ ಮೂರು ಫೇಸಿನ ತಂತಿಗಳಿರುತ್ತವೆ, ಜೊತೆಗೆ ಒಂದು ನ್ಯೂಟ್ರಲ್. ಮನೆಗಳನ್ನು ಮೂರಕ್ಕೂ ಸಮನಾಗಿ ಹಂಚಬೇಕು. ನಮ್ಮ ಸಾಲಿಗೆ ಮನೆಗಳು ಒಂದೊಂದಾಗಿ ಸೇರುತ್ತ ಹೋದಂತೆ, ಕೈಗೆ ಹತ್ತಿರವಿದ್ದ ಒಂದೇ ತಂತಿಗೆ ಎಲ್ಲವನ್ನೂ ಸಿಕ್ಕಿಸಿದ್ದರು. ಒಬ್ಬಳೇ ಸೊಸೆಗೆ ಮನೆಗೆಲಸವೆಲ್ಲ, ಉಳಿದಿಬ್ಬರಿಗೆ ಜಗಲಿ ಹರಟೆ.

ಕಚೇರಿಗೆ ಈ ಮೊದಲು ಫೋನು ಮಾಡಿದಾಗಲೆಲ್ಲ, 'ಬೇಸಿಗೆ ಅಮ್ಮಾ, ಎಲ್ಲ ಕಡೆ ಹೀಗೇ' ಎಂಬ ಉತ್ತರ. ಈ ಬಾರಿ ನಾವು ಏಳು ಜನ ಹೆಂಗಸರು ಹೋದೆವು. ಕೈಯಲ್ಲಿ ಅರ್ಜಿ, ಅರ್ಜಿಗೆ ಅಂಟಿಸಿದ ಅಂಕಿಯ ಪಟ್ಟಿ, ಅತ್ತೆಯ ಡಾಕ್ಟರ ಚೀಟಿ, ಹುಡುಗನ ಡಾಕ್ಟರ ಚೀಟಿ. ಯಾರೂ ಕೂಗಾಡಲಿಲ್ಲ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ಮೇಜಿನ ಹಿಂದಿದ್ದ ಇಂಜಿನಿಯರು ಪಟ್ಟಿಯ ಎರಡು ಸಾಲನ್ನು ನೋಡಿದ್ದೇ, 'ಇದು ಬೇಸಿಗೆಯಲ್ಲ' ಎಂದರು. ಹನ್ನೊಂದು ದಿನಕ್ಕೆ ಲೈನ್‌ಮನ್ ಬಂದರು. ತಂತಿಗೆ ಇಕ್ಕಳದಂಥ ಮಾಪಕ ಹಿಡಿದು ಪ್ರತಿ ಫೇಸಿನ ಭಾರ ನೋಡಿ, ನಮ್ಮ ಸಾಲಿನ ಮನೆಗಳನ್ನು ಉಳಿದೆರಡು ಫೇಸುಗಳಿಗೆ ಹಂಚಿದರು. ಕಂಬದ ಮೇಲಿನ ಒಂದು ಸಡಿಲ ಜೋಡಣೆಯನ್ನೂ ಬದಲಿಸಿದರು. ಅಂದು ಸಂಜೆ ನಮ್ಮನೆಯಲ್ಲಿ ೨೧೨, ಕೊನೆಯ ಮನೆಯಲ್ಲಿ ೨೧೦. ಎದುರು ಸಾಲಿನವರದ್ದು ನಾಲ್ಕೈದು ವೋಲ್ಟು ಇಳಿಯಿತು. ಟೀಚರು, 'ನಮ್ಮ ಮನೆಯಿಂದ ಸಕ್ಕರೆ ಕಡ ಕೊಟ್ಟ ಹಾಗಾಯ್ತು ಬಿಡಿ' ಎಂದು ನಕ್ಕರು.

೨೧೬ಕ್ಕೆ ಇನ್ನೂ ನಾಲ್ಕು ವೋಲ್ಟು ಬಾಕಿಯಿದೆ. ಅದಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರೇ ಬೇಕಂತೆ. ಎರಡನೆಯ ಅರ್ಜಿ ಕೊಟ್ಟಿದ್ದೇವೆ, ಮೊಹರಿನ ಪ್ರತಿ ನನ್ನಲ್ಲಿದೆ.

ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಸಂಜೆ ಹೊತ್ತು ಹಠ ಹಿಡಿದರೆ ತಕ್ಷಣ ಅದನ್ನು ಬೈಯಬೇಡಿ. ಬೆಳಿಗ್ಗೆ ಹೇಗೆ, ಸಂಜೆ ಹೇಗೆ ನೋಡಿ. ಚಾರ್ಜು ಹಾಕುವ ಮುಂಚೆ ಎಷ್ಟು, ಹಾಕಿದ ಮೇಲೆ ಎಷ್ಟು, ಬರೆದಿಡಿ. ಒಂದು ಪ್ಲಗ್ಗಿನಲ್ಲಿ ಬೀಳುವ ಅಂಕಿ ಇನ್ನೊಂದರಲ್ಲಿ ಬೀಳದಿದ್ದರೆ ತೊಂದರೆ ಗೋಡೆಯೊಳಗಿದೆ. ಬೋರ್ಡು ಬೆಚ್ಚಗಿದ್ದರೆ ಅಂದೇ ಬಳಕೆ ನಿಲ್ಲಿಸಿ ತಿಳಿದವರನ್ನು ಕರೆಸಿ. ಮೀಟರಿನ ಬಳಿಯೇ ಕಡಿಮೆಯಿದ್ದರೆ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋಗಿ ಕೇಳಿ. ಅವರಿಗೂ ಇದೆ, ಅವರಿಗೂ ಗೊತ್ತಿಲ್ಲ, ಅಷ್ಟೆ. ಆಮ್ಲಜನಕ ಬೇಕಾದವರ ಮನೆಯಲ್ಲಿ ಯಾವ ಪೆಟ್ಟಿಗೆ ಇದ್ದರೂ ತುಂಬಿದ ಸಿಲಿಂಡರೊಂದು ಇರಲೇಬೇಕು. ನಮ್ಮಲ್ಲಿ ಈಗ ಎರಡಿವೆ. ಒಂದು ತುಂಬಿಸಲು ಹೋದರೆ ಇನ್ನೊಂದು ಮೂಲೆಯಲ್ಲಿರುತ್ತದೆ.

ಅತ್ತೆ ಈಗ ರಾತ್ರಿ ಪೆಟ್ಟಿಗೆಯ ಕಡೆ ನೋಡುವುದನ್ನು ಬಿಟ್ಟಿದ್ದಾರೆ. ವೋಲ್ಟ್‌ಮೀಟರು ಹಾಲಿನ ಲೆಕ್ಕದ ಪುಸ್ತಕದ ಪಕ್ಕ, ಮೊಳೆಗೆ ತೂಗುಹಾಕಿದ ಚೀಲದಲ್ಲಿರುತ್ತದೆ. ಇರುತ್ತದೆ ಎಂದೆ, ಆದರೆ ಇರುವುದೇ ಅಪರೂಪ. ಈ ವಾರ ಹಿಂದಿನ ಬೀದಿಯವರು ಒಯ್ದಿದ್ದಾರೆ. ಅಲ್ಲಿಯೂ ಯಾರದೋ ಮನೆಯ ಗ್ರೈಂಡರು ಸಂಜೆ ಹೊತ್ತು ತಿರುಗುವುದಿಲ್ಲವಂತೆ.